ರಕ್ತದಲ್ಲಿ ಕಂಡ ಕುರುಹು: ಲೈಮ್ ರೋಗದ ಪ್ರತಿಕಾಯಗಳೂ ಶೇಷವದನುಮಾನವೂ

ಒಂದು ದೇಶದ ಜನರಲ್ಲಿ ನೂರಕ್ಕೆ ಇಷ್ಟು ಮಂದಿಯ ರಕ್ತದಲ್ಲಿ ಲೈಮ್ ರೋಗದ ಪ್ರತಿಕಾಯಗಳು ಕಂಡುಬಂದುವೆಂದು ತಿಳಿದೊಡನೆ, ಅಷ್ಟು ಮಂದಿಯೂ ರೋಗಿಗಳೆಂದು ಭಾವಿಸುವವರು ಬಹಳ. ಈ ಗ್ರಹಿಕೆಯು ಯುಕ್ತವೇ ಎಂಬುದನ್ನು ವಿಚಾರಿಸತಕ್ಕದ್ದಿದೆ. ವಿಷಯವು ವೈದ್ಯರದಾದರೂ ಪ್ರಶ್ನೆಯು ಪ್ರಮಾಣಶಾಸ್ತ್ರದ್ದು. ಆದುದರಿಂದ ಈ ಪತ್ರಿಕೆಯ ವಾಚಕರಿಗೆ ಅಪ್ರಕೃತವೆನಿಸಲಾರದು.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಲೈಮ್ ಎಂಬ ಊರಿನ ಸುತ್ತಣ ಮಕ್ಕಳಲ್ಲಿ 1970ರ ದಶಕದಲ್ಲಿ ಕೀಲುಬಾವು ಹೆಚ್ಚಾಗಿ ಕಂಡುಬಂದುದರಿಂದ ರೋಗಕ್ಕೆ ಆ ಹೆಸರು ಬಂದಿತು. ಬೊರೇಲಿಯ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿಯು ಇದಕ್ಕೆ ಕಾರಣವೆಂಬುದನ್ನು ವಿಲ್ಲಿ ಬರ್ಗ್‌ಡಾರ್ಫರ್ ಮತ್ತು ಅವರ ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಅದನ್ನು ಮನುಷ್ಯನಿಗೆ ಸಾಗಿಸುವುದು ಉಣ್ಣೆ. ಕಂಬಳಿಯ ಉಣ್ಣೆಯಲ್ಲ, ದನದ ಮೈಗೆ ಕಚ್ಚಿಕೊಳ್ಳುವ, ಮಲೆನಾಡಿನವರು ಉಣುಗೆನ್ನುವ ಜಂತು. ಹೊಕ್ಕ ಜೀವಿಗೆ ಎದುರಾಗಿ ಶರೀರವು ನಿರ್ಮಿಸಿಕೊಳ್ಳುವ ದ್ರವ್ಯವೇ ಪ್ರತಿಕಾಯ. ಈ ಶಬ್ದಕ್ಕೆ ಸಂಸ್ಕೃತದಲ್ಲಿ ಪ್ರತಿಕೃತಿ, ಎದುರಾಳಿ ಎಂಬ ಅರ್ಥಗಳುಂಟು. ಎರಡನೆಯದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಜರ್ಮನಿಯಲ್ಲಿ ಇಡೀ ದೇಶದ ಜನರಿಂದ ಆಯ್ದು ರಕ್ತಪರೀಕ್ಷೆ ನಡೆಸಿದ್ದಾರೆ. 2003ರಿಂದ 2006ರ ವರೆಗೆ ಪರೀಕ್ಷಿಸಿದ ಮಕ್ಕಳಲ್ಲಿ ನೂರಕ್ಕೆ 4.8, 2008ರಿಂದ 2011ರ ವರೆಗೆ ಪರೀಕ್ಷಿಸಿದ ವಯಸ್ಕರಲ್ಲಿ 9.4 ಮಂದಿಗೆ ಪ್ರತಿಕಾಯಗಳಿದ್ದುವು. 70 ದಾಟಿದ ವೃದ್ಧರಲ್ಲಿ ಪ್ರಮಾಣವು ನೂರಕ್ಕೆ 20ರಷ್ಟಕ್ಕೆ ಏರಿತು. ಹಾಗಾದರೆ ಆ ನಾಡಿನ ಮುದುಕರಲ್ಲಿ ಐವರಿಗೊಬ್ಬರು ಲೈಮ್ ರೋಗದಿಂದ ನರಳುತ್ತಿದ್ದರೇ? ಇಲ್ಲ. ರೋಗವು ಗುಣವಾದ ಮೇಲೂ, ಎಷ್ಟೋ ವೇಳೆ ರೋಗವೇ ತಲೆದೋರದಿದ್ದರೂ, ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುತ್ತವೆ. ಆಯುಸ್ಸು ಬೆಳೆದಂತೆಲ್ಲ ಉಣ್ಣೆ ಕಚ್ಚುವ ಸಂದರ್ಭಗಳೂ ಕೂಡುತ್ತ ಹೋಗುವುದರಿಂದ ಅಂಕಿಯು ಏರುತ್ತದೆ.

ಹೊಳೆ ತುಂಬಿದುದನ್ನು ಕಂಡು ಮೇಲುಗಡೆ ಮಳೆಯಾಯಿತೆಂದು ಊಹಿಸುವುದು ಶೇಷವದನುಮಾನಕ್ಕೆ ನೈಯಾಯಿಕರು ಕೊಡುವ ಉದಾಹರಣೆ. ಮಳೆಯಾಯಿತೆಂಬುದಷ್ಟೇ ಅದರಿಂದ ಸಿದ್ಧವಾಗುವುದು, ಈಗಲೂ ಮಳೆ ಸುರಿಯುತ್ತಿದೆಯೆಂಬುದಲ್ಲ. ಇದರ ಮೇಲೂ ಗೌತಮನ ಸೂತ್ರಗಳು ಆಕ್ಷೇಪವೊಂದನ್ನು ಎತ್ತುತ್ತವೆ: ಒಡ್ಡಿನಿಂದ ತಡೆದರೂ ಹೊಳೆ ತುಂಬುವುದು; ಮನುಷ್ಯನು ಅನುಕರಿಸಿದರೂ ನವಿಲಿನ ಕೂಗು ಕೇಳುವುದು. ಆದುದರಿಂದ ಲಿಂಗವು ವ್ಯಭಿಚಾರಿಯಾಗುತ್ತದೆ. ರಕ್ತಪರೀಕ್ಷೆಯಲ್ಲಿಯೂ ಇಂತಹ ಸಾದೃಶ್ಯವುಂಟು. ಉಪದಂಶದ ಸೂಕ್ಷ್ಮಜೀವಿಯೂ ಇಲಿಜ್ವರದ ಸೂಕ್ಷ್ಮಜೀವಿಯೂ ಬೊರೇಲಿಯದ ದಾಯಾದಿಗಳಾದುದರಿಂದ, ಅವುಗಳಿಗಾಗಿ ಹುಟ್ಟಿದ ಪ್ರತಿಕಾಯಗಳು ಲೈಮ್‌ನವೆಂದು ತೋರಬಲ್ಲುವು.

ಭಾಷ್ಯಕಾರನಾದ ವಾತ್ಸ್ಯಾಯನನ ಸಮಾಧಾನವು ಬಹಳ ರಮ್ಯವಾಗಿದೆ. ತುಂಬಿದ ನೀರೆಂಬ ಮಾತ್ರವೇ ಹೇತುವಲ್ಲ. ಸೆಳವಿನ ವೇಗ, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ ಇವುಗಳಿಂದ ಕೂಡಿದ ಪ್ರವಾಹವೇ ಹೇತು. ವೈದ್ಯರು ಮಾಡುವುದೂ ಇದನ್ನೇ. ಮೊದಲು ಎಲೈಸಾ ಎಂಬ ಸ್ಥೂಲಪರೀಕ್ಷೆ. ಅದರಲ್ಲಿ ಹೌದೆಂದು ಬಂದವರಿಗೆ, ಪ್ರತಿಕಾಯಗಳನ್ನು ಪಟ್ಟೆಪಟ್ಟೆಯಾಗಿ ಬೇರ್ಪಡಿಸಿ ತೋರಿಸುವ ಬ್ಲಾಟ್ ಎಂಬ ಎರಡನೆಯ ಪರೀಕ್ಷೆ. ಇದರ ಅವಶ್ಯಕತೆಯನ್ನು ಲೆಕ್ಕದಿಂದಲೇ ತಿಳಿಯಬಹುದು. ಸಾವಿರ ಜನರಲ್ಲಿ ಹತ್ತು ಮಂದಿಗೆ ಮಾತ್ರ ನಿಜವಾಗಿ ಸೋಂಕು ತಗಲಿದೆಯೆಂದೂ, ಪರೀಕ್ಷೆಯು ಉಳಿದವರಲ್ಲಿ ನೂರಕ್ಕೆ ಐವರನ್ನು ತಪ್ಪಾಗಿ ಹೌದೆನ್ನುವುದೆಂದೂ ಇಟ್ಟುಕೊಳ್ಳೋಣ. ಹೌದೆಂದು ಬಂದ ಸುಮಾರು ಅರವತ್ತು ಮಂದಿಯಲ್ಲಿ ಐವತ್ತು ಮಂದಿ ನಿರ್ದೋಷಿಗಳೇ! ಅವರಿಗೆ ನಿಷ್ಕಾರಣವಾಗಿ ಔಷಧವನ್ನೂ ಭಯವನ್ನೂ ಉಣಿಸಿದಂತಾಗುವುದು. ಪ್ರತಿಯಾಗಿ, ಕಚ್ಚಿದ ಮೊದಲ ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ. ಆಗ ಚರ್ಮದ ಮೇಲೆ ಹರಡುವ ಕೆಂಪು ಮಂಡಲವನ್ನು ಕಂಡೇ ಚಿಕಿತ್ಸೆ ಮಾಡತಕ್ಕದ್ದು.

ನಮ್ಮ ನಾಗರಹೊಳೆ, ಬಂಡೀಪುರಗಳ ಅರಣ್ಯಪ್ರದೇಶದ ಜನರಲ್ಲಿಯೂ ಈ ಪ್ರತಿಕಾಯಗಳನ್ನು ಅರಸಿದ ಸಂಶೋಧನೆಯೊಂದು 2020ರಲ್ಲಿ ಪ್ರಕಟವಾಗಿದೆ. ಇಂತಹ ಪ್ರದೇಶಗಳ ಅಂಕಿಗಳನ್ನು ಓದುವಾಗ, ಅವು ಮೊದಲನೆಯ ಪರೀಕ್ಷೆಯವೋ ಎರಡನೆಯದನ್ನೂ ದಾಟಿ ಬಂದವೋ ಎಂಬುದನ್ನು ಮೊದಲು ನೋಡತಕ್ಕದ್ದು. ಇಲಿಜ್ವರವು ನಮ್ಮ ನಾಡಿನಲ್ಲಿ ವಿರಳವಲ್ಲ.