ನೋವಿನ ಮಾತ್ರೆ: ಒಬ್ಬರ ಚೀಟಿ ಇನ್ನೊಬ್ಬರಿಗಲ್ಲ

ಅಡಕೆ ಕೊನೆ ಇಳಿಸುವ ಕೆಲಸ, ಕಾಫಿ ಹಣ್ಣಿನ ಕೊಯ್ಲು ಎರಡೂ ಒಟ್ಟಿಗೆ ಬರುವ ತಿಂಗಳುಗಳಲ್ಲಿ ಸೊಂಟನೋವು, ಮಂಡಿನೋವು, ಭುಜದ ಸೆಳೆತ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ವೈದ್ಯರು ಎಂದೋ ಬರೆದುಕೊಟ್ಟ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಮಾತ್ರೆಯ ಸ್ಟ್ರಿಪ್ ಜಗಲಿಯ ಗೂಡಿನಲ್ಲಿ ಇದ್ದೇ ಇರುತ್ತದೆ. ಯಜಮಾನರಿಗೆ ಐದು ದಿನಕ್ಕೆಂದು ಕೊಟ್ಟದ್ದು ಐದು ತಿಂಗಳು ನಡೆಯುತ್ತದೆ. ನಡುವೆ ಮನೆಯಾಕೆಗೊಂದು, ಕೊನೆಗಾರನಿಗೊಂದು, ಹಣ್ಣು ಕೊಯ್ಯಲು ಬಂದವರಿಗೆ ಎರಡು. ಉಪಕಾರವೆಂದೇ ಕೊಡುತ್ತೇವೆ. ಆದರೆ ಆ ಸ್ಟ್ರಿಪ್ಪಿನ ಎಡಬದಿಯಲ್ಲಿ ಉದ್ದಕ್ಕೆ ಎಳೆದಿರುವ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಿ ಎಂಬುದರ ಗುರುತು.

ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂದು ತೂಗಿ ಅಳೆದು ಕಲಸುವ ನಾವು, ನಮ್ಮ ಹೊಟ್ಟೆಗೆ ಹಾಕುವ ಔಷಧಿಯನ್ನು ಅಂದಾಜಿನ ಮೇಲೆ ನುಂಗುವುದು ವಿಚಿತ್ರವೇ ಸರಿ.

ಈ ಮಾತ್ರೆ ಕೆಲಸ ಮಾಡುವ ಬಗೆ ತಿಳಿದರೆ ಅಪಾಯವೂ ತಿಳಿಯುತ್ತದೆ. ಪೆಟ್ಟಾದ ಜಾಗದಲ್ಲಿ ಬಾವು, ನೋವು ಹುಟ್ಟಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ಪದಾರ್ಥ ತಯಾರಾಗುವುದನ್ನು ಇದು ತಡೆಯುತ್ತದೆ. ಅದೇ ಪದಾರ್ಥ ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ. ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಮಂಡಿಯಲ್ಲಿ ಮಾತ್ರ ತಡೆದು ಜಠರದಲ್ಲಿ ಬಿಡು ಎಂದು ಮಾತ್ರೆಗೆ ಹೇಳಲು ಬರುವುದಿಲ್ಲ. ಆದ್ದರಿಂದಲೇ ಹುಣ್ಣು, ರಕ್ತಸ್ರಾವ. ಮಲ ಟಾರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ಕಾಫಿ ಗಸಿಯಂಥದು ಕಂಡರೆ ಒಳಗೆ ರಕ್ತ ಸೋರುತ್ತಿದೆ ಎಂದು ತಿಳಿದು ಆಗಲೇ ಆಸ್ಪತ್ರೆಗೆ ಹೊರಡಬೇಕು. ‘ಮಾತ್ರೆ ಉಷ್ಣ, ಇಂಜೆಕ್ಷನ್ ಆದರೆ ಹೊಟ್ಟೆ ಸುಡುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಇದು ತಪ್ಪು. ಸೂಜಿಯಿಂದ ಹೋದ ಔಷಧಿಯೂ ರಕ್ತದ ಮೂಲಕ ಜಠರವನ್ನು ಮುಟ್ಟುತ್ತದೆ.

ಹೊಟ್ಟೆಯಾದರೂ ಉರಿದು ಎಚ್ಚರಿಸುತ್ತದೆ. ಮೂತ್ರಪಿಂಡ ಸದ್ದು ಮಾಡುವುದಿಲ್ಲ. ಮಾತ್ರೆಯ ಜೊತೆ ಕೊಡುವ ಪ್ಯಾಂಟೊಪ್ರಜೋಲ್ ಮುಂತಾದ ಗ್ಯಾಸಿನ ಮಾತ್ರೆ ಜಠರವನ್ನು ಕಾಯುತ್ತದೆ. ಮೂತ್ರಪಿಂಡಕ್ಕೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಬಿಸಿಲಿನಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ದುಡಿದ ದಿನ, ಅಥವಾ ವಾಂತಿ ಭೇದಿಯಾದ ದಿನ ಮೂತ್ರಪಿಂಡಕ್ಕೆ ಮೊದಲೇ ರಕ್ತ ಕಡಿಮೆ. ಅದೇ ದಿನವೇ ಮೈನೋವೆಂದು ಮಾತ್ರೆ ನುಂಗುವುದು! ಬಿ.ಪಿ.ಗೆ ಎನಾಲಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಜೊತೆಗೆ ಸೇರಿದ್ದರೆ, ಇನ್ನೂ ಜಾಗ್ರತೆಯಾಗಿರತಕ್ಕದ್ದು. ಈ ಮೂರೂ ಕೂಡಿದರೆ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೈಕೊಟ್ಟೀತು. ಹೃದಯಾಘಾತ ಆದವರು ಡೈಕ್ಲೋಫೆನಾಕ್ ಮುಟ್ಟಲೇಬಾರದು. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರಿಗೆ ಹೊಟ್ಟೆಯ ರಕ್ತಸ್ರಾವದ ಭಯ ಹೆಚ್ಚು. ಗರ್ಭಿಣಿಯರು, ಮುಖ್ಯವಾಗಿ ಐದು ತಿಂಗಳು ತುಂಬಿದ ಮೇಲೆ, ವೈದ್ಯರು ಹೇಳದೆ ತೆಗೆದುಕೊಳ್ಳಕೂಡದು. ಕೊಯ್ಲಿಗೆ ಬಂದ ಹೆಣ್ಣುಮಗಳು ಇದರಲ್ಲಿ ಯಾವ ಗುಂಪಿಗೆ ಸೇರಿದವಳೆಂದು ಜಗಲಿಯಲ್ಲಿ ಕೂತ ನಮಗೆ ಹೇಗೆ ಗೊತ್ತಾಗಬೇಕು?

ಮಲೆನಾಡಿನವರು ನೆನಪಿಡಬೇಕಾದ ಇನ್ನೊಂದು ವಿಷಯ ಜ್ವರದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ, ಉಣ್ಣಿ ಕಚ್ಚಿ ಬರುವಂಥದು, ಹೆಚ್ಚಾಗಿ ಕಾಣಿಸುವುದು ನಮ್ಮ ಕೊಯ್ಲಿನ ಕಾಲದಿಂದ ಬೇಸಿಗೆಯವರೆಗೆ. ಮೊದಲ ಲಕ್ಷಣ ಜ್ವರ, ತಲೆನೋವು, ತಡೆಯಲಾರದ ಮೈಕೈ ನೋವು. ಡೆಂಗಿಯೂ ಹೀಗೆಯೇ ಶುರುವಾಗುತ್ತದೆ. ಎರಡರಲ್ಲೂ ರಕ್ತಸ್ರಾವದ ಸಂಭವವಿದೆ. ಗದ್ದೆ ಚರಂಡಿಯ ನೀರಿನಿಂದ ತಗಲುವ ಇಲಿಜ್ವರವಂತೂ ಮೂತ್ರಪಿಂಡಕ್ಕೇ ಕೈಹಾಕುತ್ತದೆ. ಆದಕಾರಣ ಜ್ವರದೊಡನೆ ಬಂದ ಮೈನೋವಿಗೆ ಈ ಮಾತ್ರೆ ಬೇಡ. ರಕ್ತಪರೀಕ್ಷೆಯಾಗುವವರೆಗೆ ಸಾದಾ ಪ್ಯಾರಾಸಿಟಮಾಲ್ ಸಾಕು. ಅದೂ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಕುಡಿಯುವ ಅಭ್ಯಾಸವಿದ್ದರೆ ಇನ್ನೂ ಕಡಿಮೆ.

ಹೆಸರಿನ ಮೋಸವೂ ಉಂಟು. ಒಬ್ಬ ವೈದ್ಯರು ಮಂಡಿಗೆ ಕೊಟ್ಟ ಮಾತ್ರೆ, ಇನ್ನೊಬ್ಬರು ಹಲ್ಲಿಗೆ ಕೊಟ್ಟ ಮಾತ್ರೆ, ಎರಡರ ಕಂಪನಿ ಹೆಸರೂ ಬಣ್ಣವೂ ಬೇರೆ. ಒಳಗಿರುವುದು ಒಂದೇ ಜಾತಿ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಮದ್ದಿನ ನಿಜವಾದ ಹೆಸರಿರುತ್ತದೆ. ಕನ್ನಡಕ ಹಾಕಿಕೊಂಡಾದರೂ, ಓದುವ ಮಕ್ಕಳಿಂದಾದರೂ ಅದನ್ನು ಓದಿಸಬೇಕು. ಡೈಕ್ಲೋಫೆನಾಕ್ ಮಾತ್ರೆ ಸಾಮಾನ್ಯವಾಗಿ 50 ಮಿಲಿಗ್ರಾಂನದು; ವಯಸ್ಕರಿಗೆ ದಿನವೊಂದಕ್ಕೆ 150ರ ಮೇಲೆ ಹೋಗುವಂತಿಲ್ಲ. ಮೇಲ್ಪದರವಿರುವ ಮಾತ್ರೆಯನ್ನು ಮುರಿಯದೆ, ಅಗಿಯದೆ, ಊಟದ ಮೇಲೆ ನೀರಿನೊಡನೆ ಇಡಿಯಾಗಿ ನುಂಗಬೇಕು.

ಉಳಿದ ಮಾತ್ರೆಯನ್ನು ಕುಂಟುವ ದನಕ್ಕೆ ಅರೆದು ಕುಡಿಸುವ ಪದ್ಧತಿ ಕೆಲವೆಡೆ ಇದೆ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲಿಯೇ ನಿಷೇಧಿಸಿತು. ಅದನ್ನು ತಿಂದ ದನದ ಹೆಣ ಮುಕ್ಕಿದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ದೇಶದಲ್ಲಿ ಅವುಗಳ ಸಂತತಿಯೇ ಅಳಿಯುವ ಹಂತಕ್ಕೆ ಬಂದಿತ್ತು.

ವರ್ಷಗಟ್ಟಲೆ ಈ ಮಾತ್ರೆಯ ಮೇಲೆಯೇ ತೋಟದ ಕೆಲಸ ನಡೆಸುತ್ತಿರುವವರು ಒಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸುವುದು ಒಳ್ಳೆಯದು. ದೊಡ್ಡ ಖರ್ಚಿನ ಬಾಬತ್ತೇನಲ್ಲ. ಹೋಗುವಾಗ ಮನೆಯ ಗೂಡಿನಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ, ನಾಟಿ ಔಷಧಿಯ ಪುಡಿಯಿದ್ದರೆ ಅದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.