ಬರೇ ಬಂದರಿಕೆ ಅಲ್ಲ

ಸುತ್ತಲ ಗುಡ್ಡಗಳಲ್ಲಿ ಏನೇನು ಬೆಳೆಯುತ್ತದೆ ಎಂದು ದಾವಣಗೆರೆ ಜಿಲ್ಲೆಯ ಲೋಕಿಕೆರೆಯ ಹಿರಿಯರೊಬ್ಬರನ್ನು ಕೇಳಿದೆ. ‘ಏನೈತ್ರಿ, ಬರೇ ಬಂದರಿಕೆ’ ಎಂದವರು ಆಮೇಲೆ ಬಂದರಿಕೆಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ದನ ಅಷ್ಟಾಗಿ ಬಾಯಿ ಹಾಕದ ಗಿಡ. ಹಾಗಾಗಿಯೇ ಮೇದು ಬೋಳಾದ ಗುಡ್ಡದಲ್ಲೂ ಉಳಿದಿರುತ್ತದೆ. ಎಲೆ ಮುಟ್ಟಿದರೆ ಅಂಟಂಟು. ಅದನ್ನು ಅರೆದು ಉಳುಕಿದ ಕಾಲಿಗೆ ಪಟ್ಟು ಹಾಕುತ್ತಾರೆ, ಎಲುಬು ಕಟ್ಟುವವರೂ ಬಳಸುತ್ತಾರೆ. ಕಡ್ಡಿ ಒಲೆಗೆ, ಸೊಪ್ಪು ಹೊಲಕ್ಕೆ. ರೆಕ್ಕೆಯಿರುವ ಕಾಯಿ ಗಾಳಿಗೆ ಹಾರಿ ಮುಂದಿನ ಬೋರೆ ಸೇರುತ್ತದೆ.

ಆಸ್ಟ್ರೇಲಿಯಾದಲ್ಲೂ ಇರುವ ಗಿಡ ಇದು. ಅಲ್ಲಿ ನೆಲೆಸಿದ ಯುರೋಪಿನವರು ಹಾಪ್ಸ್ ಹೂವಿನ ಬದಲು ಇದರ ಕಾಯಿ ಹಾಕಿ ಬಿಯರ್ ಮಾಡುತ್ತಿದ್ದರಂತೆ! ಶಾಸ್ತ್ರೀಯ ಹೆಸರು ಡೋಡೋನಿಯಾ ವಿಸ್ಕೋಸಾ. 16ನೇ ಶತಮಾನದ ವೈದ್ಯ ರೆಂಬರ್ಟ್ ಡೋಡೂನ್ಸ್ ನೆನಪಿಗೆ ಇಟ್ಟದ್ದು. ಆತನೂ ಗಿಡಗಳ ಗುಣ, ಉಪಯೋಗ ಬರೆದಿಟ್ಟವನೇ.

ನಮ್ಮ ಕಡೆಯ ಇಂಥ ಗಿಡಗಳನ್ನು ದಾಖಲಿಸಿದವರೂ ಇದ್ದಾರೆ. ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು. 2004ರಲ್ಲಿ ಬಿ.ಕೆ. ಮಂಜುನಾಥ, ವಿ. ಕೃಷ್ಣ, ಟಿ. ಪುಲ್ಲಯ್ಯ ಸೇರಿ ಜಿಲ್ಲೆಯ ಸಸ್ಯಸಂಪತ್ತಿನ ಪುಸ್ತಕ ತಂದರು. ಇಂಗ್ಲಿಷಿನಲ್ಲಿದೆ. ನಮ್ಮ ಊರಿನ ಶಾಲೆಗಳಿಗೆ ಒಂದು ಕನ್ನಡದ್ದು ಬೇಕಿತ್ತು.

ಇಂಥ ಪುಸ್ತಕಕ್ಕೆ ಬೇಕಾದ ಸಸ್ಯ ಸಮೀಕ್ಷೆ ಎಂದರೆ ಕೈಗೆ ಸಿಕ್ಕ ಸೊಪ್ಪು ಕಿತ್ತು ತರುವುದಲ್ಲ. ಹೂವೋ ಕಾಯೋ ಇರುವ ರೆಂಬೆಯೇ ಆಗಬೇಕು, ಅಂದರೆ ಒಂದೇ ಗುಡ್ಡಕ್ಕೆ ಬೇರೆ ಬೇರೆ ಕಾಲದಲ್ಲಿ ಹೋಗಬೇಕು. ಒಣಗಿದ ಮೇಲೆ ಹೂವಿನ ಬಣ್ಣ ಹೋಗುತ್ತದೆ. ಅದನ್ನು ಕಿತ್ತಲ್ಲೇ ಬರೆದುಕೊಳ್ಳಬೇಕು. ಹಳೇ ಪತ್ರಿಕೆಗಳ ನಡುವೆ ಒತ್ತಿಟ್ಟು, ಬೂಷ್ಟು ಹಿಡಿಯದಂತೆ ಕಾಗದ ಬದಲಿಸುತ್ತಾ ಒಣಗಿಸಿ, ದಪ್ಪ ಹಾಳೆಗೆ ಅಂಟಿಸುತ್ತಾರೆ. ಆದರೆ ಆ ಹಾಳೆಯಲ್ಲಿ ನಾನು ಮೊದಲು ಹುಡುಕುವುದು ಊರವರು ಹೇಳಿದ ಹೆಸರು ಮತ್ತು ಬಳಕೆಯನ್ನು. ಗಿಡ ನಾಳೆಯೂ ಸಿಕ್ಕೀತು, ಹೇಳುವವರು ಸಿಗಲಿಕ್ಕಿಲ್ಲ.

ಗದಗದ ಕಪ್ಪತಗುಡ್ಡಕ್ಕೆ ಔಷಧಿ ಸಸ್ಯಗಳ ಗುಡ್ಡವೆಂಬ ಹೆಸರಿತ್ತು. 2016ರಲ್ಲಿ ಸರ್ಕಾರ ಅದರ ಸಂರಕ್ಷಿತ ಮೀಸಲು ಸ್ಥಾನ ಹಿಂತೆಗೆದಾಗ ತೋಂಟದ ಸಿದ್ಧಲಿಂಗ ಸ್ವಾಮೀಜಿ ಹೋರಾಟದ ಮುಂದೆ ನಿಂತರು, ಜನ ಸೇರಿದರು. ಮರುವರ್ಷ ಸ್ಥಾನ ಮರಳಿತು. 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ನಮ್ಮ ಸಣ್ಣ ಗುಡ್ಡಗಳಿಗೆ ಅಂಥ ಹೆಸರಿಲ್ಲ.

‘ಮಳಿ ಬಿದ್ದ ಮ್ಯಾಲೆ ಬರ್ರಿ, ಸೊಗದೆ ಬೇರು ತೋರಿಸ್ತೀನಿ’ ಎಂದಿದ್ದಾರೆ ಹಿರಿಯರು. ಮೊಣಕಾಲು ನೋವಿನಿಂದ ಗುಡ್ಡ ಹತ್ತಲಾಗುವುದಿಲ್ಲ. ಕೆಳಗೆ ನಿಂತೇ ಯಾವ ಬಂಡೆಯ ಪಕ್ಕ ಅಗೆಯಬೇಕೆಂದು ಹೇಳುತ್ತಾರಂತೆ.