ಪಾಸಿನ ಗೆರೆ ಎಳೆಯುವವರು ಯಾರು?

625ಕ್ಕೆ 219. ಮೊನ್ನೆ ಮೊನ್ನೆಯವರೆಗೂ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪಾಸಿನ ಗೆರೆ ಇದ್ದದ್ದು ಇಲ್ಲಿ, ಅಂದರೆ ಶೇ 35ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದ ಹೊಸ ನಿಯಮ ಅದನ್ನು 206ಕ್ಕೆ ಇಳಿಸಿತು. ಒಟ್ಟಾರೆ ಶೇ 33 ಬರಬೇಕು, ಪ್ರತಿ ವಿಷಯದಲ್ಲಿ ಆಂತರಿಕ ಅಂಕವೂ ಸೇರಿ ಶೇ 30 ಬಂದರೆ ಸಾಕು.

ಹದಿಮೂರು ಅಂಕದ ಈ ಅಂತರ ಬೆಂಗಳೂರಿನ ಕಡತದಲ್ಲಿ ಸಣ್ಣದು. ಬಾದಾಮಿ ತಾಲ್ಲೂಕಿನ ಹಳ್ಳಿಯಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಹೆದರುವ ಹುಡುಗಿಗೆ ಅದು ಪಿಯುಸಿ, ಐಟಿಐ, ಡಿಪ್ಲೊಮಾಗಳ ಬಾಗಿಲು. ಫೇಲಾದ ಮೇಲೆ ಮತ್ತೆ ಪರೀಕ್ಷೆ ಕಟ್ಟುವಷ್ಟು ಕಾಲ ಮನೆಯವರು ಕಾಯುತ್ತಾರೆಂಬ ಭರವಸೆ ಎಲ್ಲ ಹೆಣ್ಣುಮಕ್ಕಳಿಗೂ ಇಲ್ಲ.

ಇದೇ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಸಂಸ್ಥೆ. ನಾಡಿನ ಎಷ್ಟೋ ಮಠಗಳ ಸ್ವಾಮಿಗಳು ಇಲ್ಲಿ ಸಾಧಕರಾಗಿ ಕಲಿತು ಹೋದವರು. ಅಲ್ಲಿ ಶಿಷ್ಯನ ಕಲಿಕೆಯನ್ನು ತೂಗುವವರು ಎದುರಿಗೇ ಇರುವ ಗುರುಗಳು. ಸುತ್ತಲಿನ ಸರ್ಕಾರಿ ಪ್ರೌಢಶಾಲೆಗಳ ಮಕ್ಕಳನ್ನು ತೂಗುವ ತಕ್ಕಡಿ ಮಾತ್ರ ದೂರದಲ್ಲಿದೆ. ಅದನ್ನು ಹಿಡಿದಿರುವುದು ಕಾನೂನು.

ಆ ಕಾನೂನು 1966ರ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಕಾಯ್ದೆ. ಅದಕ್ಕೆ ತಿದ್ದುಪಡಿಯಾಗಿ ಪಿಯು ಪರೀಕ್ಷೆಯೂ ಸೇರಿಕೊಂಡು, ಈಗಿನ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಹುಟ್ಟಿತು. ಪಾಸಿಗೆ ಎಷ್ಟು ಅಂಕ ಬೇಕು ಎಂಬುದು ಕಾಯ್ದೆಯಡಿಯ ನಿಯಮಾವಳಿಯಲ್ಲಿರುತ್ತದೆ. ಅದನ್ನು ಬದಲಿಸಬೇಕಾದರೆ ಸರ್ಕಾರ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಮಾಡಬೇಕು.

ಈ ಕ್ರಮ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಮಕ್ಕಳು ಕಂಡಿದ್ದಾರೆ. ಕೋವಿಡ್ ಕಾಲದ 2021ರಲ್ಲಿ ಆರು ವಿಷಯಗಳ ಪರೀಕ್ಷೆ ಎರಡೇ ದಿನದಲ್ಲಿ, ಸರಿಯುತ್ತರ ಗುರುತಿಸುವ ಪ್ರಶ್ನೆಗಳಲ್ಲಿ ಮುಗಿದು, ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಅದು ವಿಪತ್ತಿನ ವರ್ಷ, ಒಪ್ಪಬಹುದು. 2024ರದ್ದನ್ನು ಹಾಗೆ ಒಪ್ಪುವುದು ಕಷ್ಟ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ನಕಲು ನಿಂತಿತು, ಫಲಿತಾಂಶ ಕುಸಿಯಿತು. ಕೂಡಲೇ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಹಾಗಿದ್ದೂ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು. ಪರೀಕ್ಷೆ ಬರೆದ ಮೇಲೆ ನಿಯಮ ಬದಲಾದದ್ದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೇ ಸರಿಕಾಣಲಿಲ್ಲ. ಬಾದಾಮಿಯ ಶಾಸಕರಾಗಿದ್ದ ಅವರಿಗೆ ಈ ಭಾಗದ ಶಾಲೆಗಳ ಸ್ಥಿತಿ ಗೊತ್ತಿಲ್ಲದ್ದಲ್ಲ. ಮುಂದಿನ ವರ್ಷ ಕೃಪಾಂಕ ನಿಂತಿತು.

ಅದೇ 2024ರಲ್ಲಿ 5, 8, 9 ಮತ್ತು 11ನೇ ತರಗತಿಗಳ ಮಂಡಳಿ ಪರೀಕ್ಷೆಯೂ ನ್ಯಾಯಾಲಯದ ಮೆಟ್ಟಿಲೇರಿತು. ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು, ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು ಬರೆದ ಉತ್ತರ ಪತ್ರಿಕೆಗೆ ಬೆಲೆ ಇದೆಯೋ ಇಲ್ಲವೋ ಎಂದು ತಂದೆತಾಯಿ ತಿಂಗಳುಗಟ್ಟಲೆ ಕಾದರು.

ಇಂಥ ನಿಯಮವನ್ನು ಜನರೇ ಬದಲಿಸಿದ ಉದಾಹರಣೆಯೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪ್ರೌಢಶಾಲೆ ಮುಗಿಸಲು ರಾಜ್ಯ ಪರೀಕ್ಷೆ ಪಾಸಾಗಬೇಕೆಂಬ ನಿಯಮವಿತ್ತು. 2024ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಮತ ಹಾಕಿ ಅದನ್ನು ತೆಗೆದುಹಾಕಿದರು. ನಮ್ಮಲ್ಲಿ ಅಂಥ ಮತದಾನವಿಲ್ಲ. ಆದರೂ ಪ್ರೌಢಶಾಲೆಯ ಪ್ರಥಮ ಭಾಷೆ ಯಾವುದಿರಬೇಕು ಎಂಬ ಪ್ರಶ್ನೆಗೆ 1982ರಲ್ಲಿ ನಟ ರಾಜಕುಮಾರ್ ಜೊತೆ ನಾಡಿಗೆ ನಾಡೇ ಬೀದಿಗಿಳಿದಿತ್ತು. ಗೋಕಾಕ ಚಳವಳಿಯ ಆ ಜನರಿಗೆ ಪಠ್ಯಕ್ರಮ ಅಧಿಕಾರಿಗಳ ಖಾಸಗಿ ವಿಷಯ ಅನ್ನಿಸಿರಲಿಲ್ಲ.

2025ರ ಬದಲಾವಣೆಯಲ್ಲಿ ಸರ್ಕಾರ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿತು, ಅದು ಮೆಚ್ಚಬೇಕಾದದ್ದು. ಬಂದ ಪತ್ರಗಳೆಷ್ಟು? ಸಚಿವರು ಕೊಟ್ಟ ಲೆಕ್ಕದಂತೆ ಪರವಾಗಿ 701, ವಿರುದ್ಧ 8. ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಪರೀಕ್ಷೆಗೆ!

ಗೆರೆ ಇಳಿಸಿದ್ದನ್ನು ಪೂರ್ತಿ ಹಳಿಯುವಂತಿಲ್ಲ. ಸಿಬಿಎಸ್‌ಇಯಲ್ಲಿ ಶೇ 33 ಮೊದಲಿನಿಂದಲೂ ಇದೆ, ನಮ್ಮ ಮಕ್ಕಳಿಗಷ್ಟೇ ಹೆಚ್ಚಿನ ಹೊರೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ತಕರಾರಿರುವುದು ಸಮಯದ ಬಗ್ಗೆ. ಜೂನ್‌ಗೇ ಶುರುವಾದ ಶಾಲಾ ವರ್ಷದ ನಿಯಮ ಅಕ್ಟೋಬರ್‌ನಲ್ಲಿ ಗೊತ್ತಾದರೆ ಮೇಷ್ಟ್ರು ಪಾಠ ಯೋಜಿಸುವುದು ಹೇಗೆ? ಶಾಲೆಯೇ ಕೊಡುವ ಆಂತರಿಕ ಅಂಕದ ತೂಕ ಹೆಚ್ಚಾದಾಗ ಅದನ್ನು ಪರಿಶೀಲಿಸುವವರೂ ಬೇಕು. ಗಣಿತದ ಶಿಕ್ಷಕರಿಲ್ಲದ ಶಾಲೆಗೆ ಶಿಕ್ಷಕರನ್ನು ಕೊಡುವ ಕೆಲಸ ಅಂಕ ಇಳಿಸಿದ್ದರಿಂದ ಮುಗಿಯುವುದಿಲ್ಲ.

ಇನ್ನೊಮ್ಮೆ ಇಂಥ ಕರಡು ಹೊರಬಿದ್ದಾಗ ಬಾದಾಮಿ, ಹುನಗುಂದ, ಇಳಕಲ್ಲಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಂದೆತಾಯಿಗಳು ಶಾಲೆಯಲ್ಲಿ ಕೂತು ಓದಲಿ, ಒಪ್ಪಿಗೆಯೋ ಆಕ್ಷೇಪವೋ ಒಂದು ಪತ್ರ ಬರೆದು ಗಡುವಿನೊಳಗೆ ಕಳಿಸಲಿ.